ಗುಳ್ಳೆ ಎಬ್ಬಿಸಿ ಒಲಿಸಿಕೊಂಡ ಗಾಂಧಾರ

ನೀರಿನ ಲೋಟಕ್ಕೆ ಸ್ಟ್ರಾ ಅದ್ದಿ, ಗುಳುಗುಳು ಅನ್ನಿಸುತ್ತಾ ಸ್ವರ ಜಾರಿಸುತ್ತಿದ್ದಾಗ ಜೊತೆಗೆ ಸಂಗೀತ ಕಲಿಯುವವರೆಲ್ಲ ನಕ್ಕಿದ್ದರು. ಅವರಲ್ಲೇ ಇಬ್ಬರು ಈಗ ಸ್ಟ್ರಾ ಎಷ್ಟು ದಪ್ಪ ಇರಬೇಕು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಶ್ರುತಿ, ಅಂದರೆ ಹಾಡಲು ಹಿಡಿಯುವ ಆಧಾರ ಸ್ವರ, ಸಿ ಶಾರ್ಪ್. ತಾರಷಡ್ಜದವರೆಗೆ, ಅಂದರೆ ಮೇಲಿನ 'ಸ'ವರೆಗೆ, ತಕರಾರಿಲ್ಲ. ಅದರ ಮೇಲಿನ 'ಗ', ಅಂತರ ಗಾಂಧಾರಕ್ಕೆ, ಅಂದರೆ ಸುಮಾರು 350 ಹರ್ಟ್ಸ್ ಹತ್ತಿರ, ಶಾರೀರ ಒಡೆದು ಕಳ್ಳದನಿಗೆ (ಫಾಲ್ಸೆಟೊ) ಜಾರುತ್ತಿತ್ತು. ಜೋರು ಮಾಡಿದರೆ ಬಗ್ಗುತ್ತದೆ ಅಂದುಕೊಂಡು ದಿನಕ್ಕೆ ಎರಡು ಗಂಟೆ 'ಆ' ಅಂತ ಅಕಾರ ಕೂಗಿದೆ. ಎರಡನೇ ತಿಂಗಳಿಗೆ ಗಂಟಲು ಕೂತುಹೋಯಿತು. ವೈದ್ಯರು ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತು ಊದಿದೆ, ಪಿಸುಮಾತೂ ಬೇಡ ಅಂದರು. ನಾನು ಪಿಸುಗುಟ್ಟಿದೆ. ಮೌನ ಮೂರು ವಾರಕ್ಕೆ ಬೆಳೆಯಿತು.

ದುಡ್ಡಿನದು ಇನ್ನೊಂದು ಗೋಳು. ತೊಂದರೆ ಇದ್ದದ್ದು ಗಂಟಲಲ್ಲಿ, ನಾನು ಬದಲಿಸಿದ್ದು ಮೈಕ್. ಹೆಚ್ಚುಕಮ್ಮಿ ಒಂದೂವರೆ ತಿಂಗಳ ಸಂಬಳ ಹೋಯಿತು. ಅದೇ ಒಡಕು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಒಂದು ಆನ್‌ಲೈನ್ ಕೋರ್ಸ್‌ಗೆ ವರ್ಷದ ಶುಲ್ಕ ಮುಂಗಡ ಕಟ್ಟಿ ನಾಲ್ಕು ಪಾಠ ನೋಡಿದೆ. ಕೊನೆಗೆ ಕೈಹಿಡಿದ ಸ್ಟ್ರಾಗೆ ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ.

ಸ್ಟ್ರಾ ತುದಿ ಎರಡು ಮೂರು ಸೆಂಟಿಮೀಟರ್ ಮುಳುಗಿದರೆ ಸಾಕು. ಮೂಗಿನಿಂದ ಗಾಳಿ ಸೋರಬಾರದು; ಹಾಡುತ್ತಲೇ ಮೂಗು ಹಿಡಿಯಿರಿ, ದನಿ ತಡೆದರೆ ಸೋರುತ್ತಿದೆ ಅಂತ ಲೆಕ್ಕ. ಮಂದ್ರದಿಂದ, ಅಂದರೆ ತಗ್ಗು ಸ್ವರದಿಂದ, ಮೇಲಕ್ಕೆ ನಿಧಾನ ಜಾರಿ. ಗುಳ್ಳೆ ಒಂದೇ ಸಮ ಏಳಬೇಕು. ಒಡಕಿನ ಜಾಗ ಬಂದಾಗ ಅದು ತಡವರಿಸುತ್ತದೆ, ನಮ್ಮ ಕಿವಿಗಿಂತ ಮೊದಲೇ. ಒಮ್ಮೆಗೆ ಐದು ನಿಮಿಷ, ದಿನಕ್ಕೆ ನಾಲ್ಕು ಸಲ. ಆರು ವಾರ ಏನೂ ಆಗಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ನಾಲ್ಕನೇ ತಿಂಗಳು ಗಾಂಧಾರ ನಿಂತಿತು, ಅದೂ ಮೆಲುದನಿಯಲ್ಲಿ! ಜೋರಾಗಿ ಯಾರು ಬೇಕಾದರೂ ಮುಟ್ಟುತ್ತಾರೆ, ಮೆಲ್ಲಗೆ ಹಿಡಿದು ತೋರಿಸಲಿ.

ನಡುವೆ ಚಪಲಕ್ಕೆ ಹತ್ತು ಸೆಂಟಿಮೀಟರ್ ಮುಳುಗಿಸಿ ನೋಡಿದೆ. ಕೆನ್ನೆ ನೋವು, ತಲೆಸುತ್ತು, ಮೇಜೆಲ್ಲ ನೀರು. ನೀರಿಲ್ಲದೆ ತೀರಾ ಸಣ್ಣ ಸ್ಟ್ರಾ ಮಾತ್ರ ವೇದಿಕೆ ಹತ್ತುವ ಮುಂಚೆ ಚೆನ್ನಾಗಿ ಒದಗುತ್ತದೆ, ಯಾರಿಗೂ ಕೇಳಿಸುವುದೂ ಇಲ್ಲ. ತುಟಿ ಅದುರಿಸುವ ಸಾಧನೆಯೂ ಒಳ್ಳೆಯದೇ; ನನ್ನ ತುಟಿ ಬೇಗ ಸೋಲುತ್ತದೆ.

ಸ್ಟ್ರಾ ತೆಗೆದು ಅಕಾರಕ್ಕೆ ದಾಟುವಾಗ ನಡುವೆ ಎರಡು ಸ್ವರಾಕ್ಷರ ಸೇರಿಸುತ್ತೇನೆ. ಮೊದಲನೆಯದು 'ಉ'. ಎರಡನೆಯದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾಂಧಾರದ ಮೇಲಿನ ಮಧ್ಯಮವೂ ಈಗ ಬರುತ್ತಿದೆ. ಅದರಾಚೆಯ ತಾರಪಂಚಮ ಮಾತ್ರ ಇನ್ನೂ ಸ್ಟ್ರಾ ಒಳಗೇ ಇದೆ, ಬಾಯಿ ತೆರೆದರೆ ಮಾಯ.