ಪರ್ಲ್ ಮಾಡ್ಯೂಲ್ ಟೆಸ್ಟ್‌ನಲ್ಲೇ ನಿಂತಿತಾ? ಫೋರ್ಸ್ ಮಾಡುವ ಮುಂಚೆ ಇಷ್ಟು ನೋಡಿ

ಪೈಥಾನ್‌ನ ಪಿಪ್, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಬಳಸಿ ಮಾಡ್ಯೂಲ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಂಡು ಅಭ್ಯಾಸ ಆದವರು ಪರ್ಲ್ ಭಾಷೆ ಕಡೆ ಬಂದರೆ ಮೊದಲು ತಲೆ ಕೆಡುವುದು ಇಲ್ಲೇ. ಅಲ್ಲಿ ಇನ್‌ಸ್ಟಾಲ್ ಅಂದರೆ ಇಳಿಸಿ ಜಾಗದಲ್ಲಿ ಇಟ್ಟರೆ ಮುಗಿಯಿತು. ಇಲ್ಲಿ ಹಾಗಲ್ಲ. 1995ರಿಂದ ನಡೆಯುತ್ತಿರುವ, ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್‌ನಿಂದ ಒಂದು ಮಾಡ್ಯೂಲ್ ಕೇಳಿದರೆ, ಅದನ್ನು ಇಳಿಸಿ, ನಿಮ್ಮ ಕಂಪ್ಯೂಟರ್‌ನಲ್ಲೇ ಬಿಲ್ಡ್ ಮಾಡಿ, ಬರೆದವರು ಜೊತೆಗಿಟ್ಟ ಟೆಸ್ಟ್‌ಗಳನ್ನೆಲ್ಲ ಓಡಿಸಿ, ಪಾಸಾದ ಮೇಲಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದು ಟೆಸ್ಟ್ ಫೇಲಾದರೂ ಇಲ್ಲ. ಆ ಮಾಡ್ಯೂಲನ್ನು ನಂಬಿಕೊಂಡ ಬೇರೆ ಮಾಡ್ಯೂಲೂ ಇಲ್ಲ. ನಲವತ್ತು ಮಾಡ್ಯೂಲ್‌ಗಳ ಸಾಲಿನಲ್ಲಿ ಮೂವತ್ತೆಂಟನೆಯದು ಕೈಕೊಟ್ಟಾಗ ಬರುವ ಸಿಟ್ಟು ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು.

ಆಗ ಕೈ ಸೀದಾ ಡ್ಯಾಶ್ ಡ್ಯಾಶ್ ಫೋರ್ಸ್ ಕಡೆ, ಅಂದರೆ ಫೇಲಾದರೂ ಒಳಗೆ ತಳ್ಳು ಅನ್ನುವ ಆಯ್ಕೆ ಕಡೆ ಹೋಗುತ್ತದೆ. ತಡೆಯಿರಿ.

ಮೊದಲು ಲಾಗ್ ತೆರೆಯಿರಿ. ಸಿಪ್ಯಾನ್‌ನಿಂದ ಮಾಡ್ಯೂಲ್ ಹಾಕಿಕೊಡುವ ಸಿಪ್ಯಾನ್‌ಎಂ ಕಮಾಂಡ್ ಬಳಸುತ್ತಿದ್ದರೆ ಪರದೆ ಮೇಲೆ ಬರುವುದು ಸುಮ್ನೆ ‘ಫೇಲ್’ ಅಂತ ಒಂದು ಮಾತು, ನಿಜವಾದ ಕತೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಡಾಟ್ ಸಿಪ್ಯಾನ್‌ಎಂ ಒಳಗಿನ ಬಿಲ್ಡ್ ಲಾಗ್‌ನಲ್ಲಿರುತ್ತದೆ. ಕೊನೆಯ ಸಾಲು ನೋಡಿ ಪ್ರಯೋಜನ ಇಲ್ಲ. ಮೇಲಕ್ಕೆ ಹೋಗಿ ‘ಫೇಲ್ಡ್ ಟೆಸ್ಟ್’ ಅಂತ ಹುಡುಕಿ. ಅದರ ಹತ್ತಿರ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ: ಏನು ಸಿಕ್ಕಿತು, ಏನು ಸಿಗಬೇಕಿತ್ತು. ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ಸುಡೋ ಹಾಕಿ, ಅಂದರೆ ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಆಗಿ ಓಡಿಸಿದ್ದೀರಾ? ಎಷ್ಟೋ ಮಾಡ್ಯೂಲ್‌ಗಳು ಓದಲು ಅನುಮತಿ ಇಲ್ಲದ ಒಂದು ಫೈಲ್ ಸೃಷ್ಟಿಸಿ, ಅದನ್ನು ತೆರೆಯಲು ಹೋದರೆ ಎರರ್ ಬರುತ್ತದಾ ಅಂತ ನೋಡುತ್ತವೆ. ರೂಟ್‌ಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಫೈಲ್ ತೆರೆದುಕೊಳ್ಳುತ್ತದೆ, ಎರರ್ ಬರಬೇಕಿದ್ದ ಜಾಗದಲ್ಲಿ ಬರುವುದಿಲ್ಲ, ಟೆಸ್ಟ್ ಫೇಲ್! ಡಾಕರ್ ಕಂಟೈನರ್ ಒಳಗೆ ಬಿಲ್ಡ್ ಮಾಡುವವರಿಗೆ ಇದು ಜಾಸ್ತಿ ಕಾಡುತ್ತದೆ, ಯಾಕಂದರೆ ಅಲ್ಲಿ ಸುಮ್ನಿದ್ದರೂ ನೀವು ರೂಟೇ. ಸಾಮಾನ್ಯ ಯೂಸರ್ ಆಗಿ, ಲೋಕಲ್ ಲಿಬ್‌ಗೆ (ನಿಮ್ಮದೇ ಹೋಮ್ ಫೋಲ್ಡರ್ ಒಳಗಿನ ಜಾಗಕ್ಕೆ) ಹಾಕಿ ನೋಡಿ.

ಅದೂ ಅಲ್ಲವಾದರೆ ಒಂದೇ ಟೆಸ್ಟನ್ನು ಹಿಡಿದು ಓಡಿಸಿ. ಸಿಪ್ಯಾನ್‌ಎಂಗೆ ಡ್ಯಾಶ್ ಡ್ಯಾಶ್ ಲುಕ್ ಅಂತ ಹೇಳಿ ಮಾಡ್ಯೂಲ್ ಹೆಸರು ಕೊಟ್ಟರೆ ಬಿಚ್ಚಿದ ಫೋಲ್ಡರ್ ಒಳಗೇ ನಿಲ್ಲಿಸುತ್ತದೆ. ಅಲ್ಲಿ ಮೇಕ್‌ಫೈಲ್ ಡಾಟ್ ಪಿಎಲ್ ಅನ್ನು ಪರ್ಲ್‌ನಿಂದ ಓಡಿಸಿ, ಮೇಕ್ ಹೊಡೆದು, ಟೆಸ್ಟ್ ಓಡಿಸುವ ಪ್ರೂವ್ ಕಮಾಂಡ್‌ಗೆ ಡ್ಯಾಶ್ ಬಿ, ಡ್ಯಾಶ್ ವಿ ಸೇರಿಸಿ ‘ಟಿ’ ಫೋಲ್ಡರ್‌ನ ಆ ಒಂದು ಫೈಲ್ ಕೊಡಿ. ಎರಡು ಮೂರು ಸಲ ಓಡಿಸಿ. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿದ್ದರೆ ಹಳೇ ಮಾಡ್ಯೂಲ್ ಹ್ಯಾಶ್‌ನ (ಹೆಸರು ಕೊಟ್ಟು ಬೆಲೆ ಇಡುವ ಪಟ್ಟಿಯ) ಕೀಗಳು ಒಂದೇ ಕ್ರಮದಲ್ಲಿ ಬರುತ್ತವೆ ಅಂತ ನಂಬಿರಬಹುದು. 2013ರಲ್ಲಿ ಬಂದ ಪರ್ಲ್ 5.18ರಿಂದ ಆ ಕ್ರಮ ಪ್ರತಿ ಸಲ ಬದಲಾಗುತ್ತದೆ. ದಿನಾಂಕದ ಟೆಸ್ಟ್ ಆದರೆ ಟೈಮ್‌ಝೋನ್ ಯುಟಿಸಿ ಮಾಡಿ ಓಡಿಸಿ, ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯದ ಆ ಅರ್ಧ ಗಂಟೆಯನ್ನು ಟೆಸ್ಟ್ ಬರೆದವರು ಮರೆತಿರಬಹುದು.

ದಿನಾಂಕ ಅಂದಾಗ ನೆನಪಾಯಿತು. ಹಳೇ ಸ್ಕ್ರಿಪ್ಟ್ ಒಂದಕ್ಕೆ ಬೇರೆ ಬೇರೆ ಪರ್ಲ್ ಆವೃತ್ತಿ ಹಾಕಿಕೊಡುವ ಪರ್ಲ್‌ಬ್ರೂನಲ್ಲಿ ಪರ್ಲ್ 5.26 ಬಿಲ್ಡ್ ಮಾಡಲು ಕೂತಿದ್ದೆ. ಲ್ಯಾಪ್‌ಟಾಪ್ ಕಾದು ಹೆಂಚಾಗಿ, ಎರಡು ಲೋಟ ಕಾಫಿ ಮುಗಿದು, ಕೊನೆಗೆ ಪರ್ಲ್ ಜೊತೆಗೇ ಬರುವ, ದಿನಾಂಕದ ಟೈಮ್ ಲೋಕಲ್ ಮಾಡ್ಯೂಲ್‌ನ ಟೆಸ್ಟ್ ಫೇಲ್. 2019ರಲ್ಲಿ ಇದೇ ಕೋಡ್ ಪಾಸಾಗುತ್ತಿತ್ತು, ಒಂದಕ್ಷರವೂ ಬದಲಾಗಿಲ್ಲ! ಆಮೇಲೆ ತಿಳಿಯಿತು. ಆ ಟೆಸ್ಟ್ 1970 ಎಂಬುದಕ್ಕೆ ಬರೀ 70 ಅಂತ ಕೊಡುತ್ತದೆ. ಎರಡಂಕಿ ವರ್ಷ ಕೊಟ್ಟರೆ ಆ ಮಾಡ್ಯೂಲ್ ಇವತ್ತಿನಿಂದ ಹಿಂದೆ ಮುಂದೆ ಐವತ್ತು ವರ್ಷದೊಳಗೆ ಊಹಿಸುತ್ತದೆ. 2020ರ ಜನವರಿ 1 ಬಂದದ್ದೇ ತಡ, 70 ಅಂದರೆ 2070 ಆಗಿಬಿಟ್ಟಿತು. ತಪ್ಪು ಟೆಸ್ಟ್‌ನದ್ದು, ಮಾಡ್ಯೂಲ್‌ನದ್ದಲ್ಲ. ಇಂಥ ಕಡೆ ನೋಟೆಸ್ಟ್ (ಟೆಸ್ಟ್ ಓಡಿಸದೇ ಒಳಗೆ ಬಿಡು ಅನ್ನುವ ಆಯ್ಕೆ) ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ, ನಾನೂ ಹಾಕಿದೆ.

ಆದರೆ ಹಾಕುವ ರೀತಿ ಇದೆ. ಇಡೀ ಸಾಲಿಗೆ ನೋಟೆಸ್ಟ್ ಹಾಕಬೇಡಿ, ಹಾಗೆ ಮಾಡಿದರೆ ಜೊತೆಗೆ ಬರುವ ಎಲ್ಲ ಮಾಡ್ಯೂಲ್‌ಗಳ ಟೆಸ್ಟೂ ಹಾರಿಹೋಗುತ್ತದೆ. ಕಾರಣ ಗೊತ್ತಾದ ಆ ಒಂದಕ್ಕೆ ಮಾತ್ರ ನೋಟೆಸ್ಟ್ ಕೊಟ್ಟು ಒಳಗೆ ಹಾಕಿ, ಆಮೇಲೆ ಮೂಲ ಕಮಾಂಡನ್ನು ಮಾಮೂಲಿಯಾಗಿ ಓಡಿಸಿ, ಉಳಿದವು ಪರೀಕ್ಷೆ ಬರೆದೇ ಬರಲಿ. ಫೋರ್ಸ್ ಬೇರೆ, ಅದು ಟೆಸ್ಟ್ ಓಡಿಸಿ ಫೇಲಾದರೂ ಒಳಗೆ ತಳ್ಳುತ್ತದೆ. ಲಾಗ್‌ನಲ್ಲಾದರೂ ದಾಖಲೆ ಉಳಿಯುತ್ತದೆ ಅಂತ ಕೆಲವರಿಗೆ ಅದೇ ಇಷ್ಟ.

ಕಾರಣ ಗೊತ್ತಾಗಲೇ ಇಲ್ಲವಾ? ಮುಂದೆ ಹೋಗಬೇಡಿ, ಅದರಲ್ಲೂ ಡೇಟಾಬೇಸ್ ಮುಟ್ಟುವ, ಪಾಸ್‌ವರ್ಡ್ ಮುಟ್ಟುವ ಮಾಡ್ಯೂಲ್ ಆಗಿದ್ದರೆ. ಜನ ತಮ್ಮ ಟೆಸ್ಟ್ ಫಲಿತಾಂಶ ಹಾಕುವ ಸಿಪ್ಯಾನ್ ಟೆಸ್ಟರ್ಸ್ ಪುಟದಲ್ಲಿ ಅದೇ ಆವೃತ್ತಿ ಬೇರೆಯವರ ಯಂತ್ರಗಳಲ್ಲಿ ಪಾಸಾಗಿದೆಯಾ ನೋಡಿ. ಎಲ್ಲರಿಗೂ ಫೇಲ್ ಆಗಿದ್ದರೆ ಹಿಂದಿನ ಆವೃತ್ತಿ ಹಾಕಿಕೊಳ್ಳಿ. ನಿಮಗೊಬ್ಬರಿಗೇ ಫೇಲ್ ಆಗಿದ್ದರೆ ‘ಫೇಲ್ಡ್ ಟೆಸ್ಟ್’ ಸಾಲುಗಳ ಜೊತೆ ಪರ್ಲ್ ಡ್ಯಾಶ್ ದೊಡ್ಡ ವಿ ಕಮಾಂಡ್ ಕೊಡುವ ವಿವರ ಪೂರ್ತಿ ಸೇರಿಸಿ ಬರೆದವರಿಗೆ ಕಳಿಸಿ, ಸ್ಕ್ರೀನ್‌ಶಾಟ್ ಬೇಡ, ಅದರಿಂದ ಏನನ್ನೂ ಕಾಪಿ ಮಾಡಿಕೊಳ್ಳಲು ಆಗುವುದಿಲ್ಲ.