ಹಳೆಯ ನೇಟಿವ್ ಲೈಬ್ರರಿ ಕಿತ್ತುಹಾಕುವ ಮುಂಚೆ

ಯಾರೂ ಮುಟ್ಟದ ಹಳೆಯ .ಎಸ್‌ಓ ಫೈಲ್ (ಜಾವಾ ಆ್ಯಪ್ ಬಳಸುವ, ಸಿಯಲ್ಲಿ ಬರೆದು ಕಂಪೈಲ್ ಮಾಡಿದ ನೇಟಿವ್ ಲೈಬ್ರರಿ) ಡಿಲೀಟ್ ಮಾಡಿದರೂ ಬಿಲ್ಡ್ ಆರಾಮಾಗಿ ಪಾಸ್ ಆಗಬಹುದು. ಅದನ್ನು ನಂಬಬೇಡಿ. ಜಾವಾದ ನೇಟಿವ್ ಮೆಥಡ್‌ಗೆ ಕೋಡ್ ಸಿಗದಿರುವುದು ಗೊತ್ತಾಗುವುದೇ ಆ್ಯಪ್ ಓಡುವಾಗ, ಅನ್‌ಸ್ಯಾಟಿಸ್‌ಫೈಡ್‌ಲಿಂಕ್‌ಎರರ್ ಬಂದಾಗ.

ಮೊದಲು ಲೈಬ್ರರಿಯ ಹೆಸರನ್ನು ಕೋಡ್ ತುಂಬಾ ಗ್ರೆಪ್ ಮಾಡಿ. ಮುಂದಿನ 'ಲಿಬ್', ಕೊನೆಯ '.ಎಸ್‌ಓ' ಬಿಟ್ಟು ಹುಡುಕಿ. ಜಾವಾದಲ್ಲಿ ಲೈಬ್ರರಿ ಲೋಡ್ ಮಾಡುವ ಲೋಡ್‌ಲೈಬ್ರರಿಗೆ ಕೊಡುವುದು ಅವೆರಡೂ ಇಲ್ಲದ ಹೆಸರನ್ನೇ ಅಲ್ವಾ? ಪ್ರೋಗ್ರಾಂಗೆ ಲಿಂಕ್ ಆದ ಲೈಬ್ರರಿಗಳ ಪಟ್ಟಿ ಕೊಡುವ ಎಲ್‌ಡಿಡಿಯಲ್ಲಿ ಕಾಣಲಿಲ್ಲ ಅಂತ ಸುಮ್ನೆ ತೆಗೆಯಬೇಡಿ. ಡಿಎಲ್‌ಓಪನ್ ಮೂಲಕ, ಅಂದರೆ ಪ್ರೋಗ್ರಾಂ ಓಡುವಾಗ ಲೋಡ್ ಆಗುವುದು ಅಲ್ಲಿ ಬರುವುದಿಲ್ಲ.

ಆಮೇಲೆ ಫೈಲ್‌ನ ಸಿಂಬಲ್‌ಗಳನ್ನು (ಫಂಕ್ಷನ್ ಮುಂತಾದವುಗಳ ಹೆಸರು) ತೋರಿಸುವ ಎನ್‌ಎಂ ಕಮಾಂಡನ್ನು ಮೈನಸ್ ದೊಡ್ಡ ಡಿ (-D) ಹಾಕಿ ಅದರ ಮೇಲೆ ಓಡಿಸಿ. 'ಜಾವಾ' ಅಂತ ಶುರುವಾಗುವ ಸಿಂಬಲ್‌ನಲ್ಲಿ ಪ್ಯಾಕೇಜ್, ಕ್ಲಾಸ್, ಮೆಥಡ್ ಎಲ್ಲ ಬರೆದೇ ಇರುತ್ತದೆ, ಹುಡುಕಾಟ ಅರ್ಧ ಮುಗಿದ ಹಾಗೆ. ಮೆಥಡ್‌ಗೂ ಸಿ ಫಂಕ್ಷನ್‌ಗೂ ಕೋಡ್‌ನಲ್ಲೇ ಜೋಡಿ ಹಾಕುವ ರಿಜಿಸ್ಟರ್‌ನೇಟಿವ್ಸ್ ಬಳಸಿದ್ದರೆ ಇದು ಕೆಲಸ ಮಾಡುವುದಿಲ್ಲ, ಸಿ ಸೋರ್ಸನ್ನೇ ಓದಬೇಕು. (ಸೋರ್ಸ್ ಕಳೆದುಹೋಗಿದ್ದರೆ ದೇವರೇ ಗತಿ.)

ಒಂದೆರಡು ಫಂಕ್ಷನ್ ಮಾತ್ರ ಬಳಕೆಯಲ್ಲಿದ್ದರೆ ಜಾವಾದಲ್ಲೇ ಬರೆದುಬಿಡಿ. ಹಳೆಯದನ್ನೂ ಹೊಸದನ್ನೂ ಒಂದೇ ಇನ್‌ಪುಟ್‌ಗೆ ಓಡಿಸಿ ಹೋಲಿಸಿ. ನೆಗೆಟಿವ್ ಬೈಟ್‌ಗಳನ್ನು ಮರೆಯಬೇಡಿ: ಜಾವಾದ ಬೈಟ್ ಸೈನ್ಡ್ (ನೆಗೆಟಿವ್ ಆಗಬಹುದು), ಸಿ ಕೋಡ್‌ನಲ್ಲಿ ಜಾಸ್ತಿ ಅನ್‌ಸೈನ್ಡ್ (ನೆಗೆಟಿವ್ ಆಗದ್ದು) ಇರುತ್ತದೆ.

ಫೈಲ್ ತೆಗೆಯುವಾಗ ಅದನ್ನು ಬಿಲ್ಡ್ ಮಾಡುವ ಸಿಮೇಕ್ ಸಾಲು, ಕೋಡ್ ಕುಗ್ಗಿಸುವಾಗ ಅದರ ಮೆಥಡ್‌ಗಳನ್ನು ಉಳಿಸುವ ಪ್ರೊಗಾರ್ಡ್ ಕೀಪ್ ರೂಲ್ ಎಲ್ಲವೂ ಅದೇ ಕಮಿಟ್‌ನಲ್ಲಿ ಹೋಗಲಿ. ಎಡವಟ್ಟಾದರೆ ಒಂದೇ ರಿವರ್ಟ್ ಸಾಕು.