ಪುಷ್ಯ ಮಳೆಯಲ್ಲಿ ಪದೇ ಪದೇ ಬಿದ್ದ ಫೈಲ್ ಸರ್ವರ್

ತೀರ್ಥಹಳ್ಳಿಯ ಒಂದು ಅಡಿಕೆ ವಹಿವಾಟಿನ ಕಚೇರಿಗೆ ನಾನೇ ಕೂರಿಸಿಕೊಟ್ಟ ಲಿನಕ್ಸ್ ಫೈಲ್ ಸರ್ವರ್ ಅದು. ಪುಷ್ಯ ಮಳೆ ಹಿಡಿದ ವಾರ ಲೆಕ್ಕ ಬರೆಯುವ ಅಕ್ಕನ ಫೋನ್: "ಮಾರಾಯ, ಮತ್ತೆ ನಿಂತೋಯ್ತು. ಯಾವ ಫೈಲೂ ತೆರೀತಿಲ್ಲ." ಮಳೆಗಾಲದಲ್ಲಿ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತದೆ. ಯುಪಿಎಸ್ ಕೈಕೊಟ್ಟಿದೆ ಅಂದುಕೊಂಡು ಬ್ಯಾಟರಿ ಬದಲಿಸಿದೆ. ಎರಡೇ ದಿನಕ್ಕೆ ಮತ್ತೆ ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಮುಂದೆ ಹೋಗಲಾರದೆ ಬಿದ್ದುಬಿಡುವುದು.

ಯಂತ್ರ ತನ್ನ ಆಗುಹೋಗು ಬರೆದಿಡುವ ಲಾಗ್‌ನಲ್ಲಿ ಏನೂ ಇರಲಿಲ್ಲ. ಕರ್ನಲ್ಲೇ ಬಿದ್ದ ಮೇಲೆ ಡಿಸ್ಕಿಗೆ ಬರೆಯುವವರು ಯಾರು? ಅಕ್ಕ ಕಳಿಸಿದ ಪರದೆಯ ಫೋಟೋದಲ್ಲಿ ಬರೀ ಬಾಲ ಇತ್ತು, ಬೇಕಾದ ಮೊದಲ ಸಾಲುಗಳು ಮೇಲೆ ಸರಿದುಹೋಗಿದ್ದವು. ಹಾಗಾಗಿ ನೆಟ್‌ಕನ್ಸೋಲ್ ಹಾಕಿದೆ. ಅದರಲ್ಲಿ ಕರ್ನಲ್ ತನ್ನ ಸಂದೇಶಗಳನ್ನು ಯುಡಿಪಿ ಎಂಬ ಸರಳ ನೆಟ್‌ವರ್ಕ್ ವಿಧಾನದಲ್ಲಿ ನೇರ ಪಕ್ಕದ ಕಂಪ್ಯೂಟರಿಗೆ ಕಳಿಸುತ್ತದೆ, ಡಿಸ್ಕಿನ ಹಂಗಿಲ್ಲ. ಕೆಡಂಪ್‌ಗೂ 256 ಎಂಬಿ ಮೀಸಲಿಟ್ಟೆ. ಮೊದಲ ಕರ್ನಲ್ ಬಿದ್ದರೆ ಆ ಜಾಗದಲ್ಲಿ ಇನ್ನೊಂದು ಎದ್ದು, ಬಿದ್ದದ್ದರ ಮೆಮೊರಿಯನ್ನು ಫೈಲಾಗಿ ಉಳಿಸುತ್ತದೆ.

ನಂತರದ ಮೂರು ಪ್ಯಾನಿಕ್‌ಗಳ ಜಾಡನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎನ್‌ಎಫ್‌ಎಸ್ ಕೋಡಿನಲ್ಲಿ, ಇನ್ನೊಂದು ಡಿಸ್ಕಿನಲ್ಲಿ ಫೈಲು ಜೋಡಿಸುವ ಇಎಕ್ಸ್‌ಟಿ4ನಲ್ಲಿ, ಮೂರನೆಯದು ಯಂತ್ರ ಸುಮ್ಮನೆ ಕೂತಿದ್ದಾಗ. ಒಂದೇ ಫಂಕ್ಷನ್‌ನಲ್ಲಿ ಬೀಳುತ್ತಿದ್ದರೆ ಡ್ರೈವರ್‌ನ ಬಗ್ ಹುಡುಕುತ್ತಿದ್ದೆ. ಹೀಗೆ ಕಂಡಕಂಡಲ್ಲಿ ಬಿದ್ದರೆ ನನ್ನ ಅನುಮಾನ ಮೊದಲು ರ‍್ಯಾಮ್ ಮೇಲೆ.

ಶನಿವಾರ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಲು ಬಿಟ್ಟು ಬಂದೆ. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಎರಡು ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಸ್ಲಾಟ್ ಬದಲಿಸಿದರೂ ತಪ್ಪು ಒಂದೇ ಸ್ಟಿಕ್‌ನದು. ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿದೆ. ನಮ್ಮ ಮಲೆನಾಡಿನ ತೇವಕ್ಕೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ, ಈ ಸಲ ಸಾಕಾಗಲಿಲ್ಲ. ಹೊಸದು ಹಾಕಿದೆ. ಆ ಬೋರ್ಡಿಗೆ ಇಸಿಸಿ ರ‍್ಯಾಮ್ ಕೂರುವುದಿಲ್ಲ. ಕೂರುವಂತಿದ್ದರೆ ಒಂದು ಬಿಟ್‌ನ ತಪ್ಪನ್ನು ಅದೇ ತಿದ್ದಿ ಲಾಗ್‌ನಲ್ಲಿ ತಿಳಿಸುತ್ತಿತ್ತು.

ಸರ್ವರ್ ಬೀಳುವುದು ನಿಂತಿತು, ಆದರೆ ನನಗೆ ಸಮಾಧಾನವಿಲ್ಲ. ಕೆಟ್ಟ ರ‍್ಯಾಮ್ ಯಂತ್ರವನ್ನು ಬೀಳಿಸಿದರೆ ಕಣ್ಣಿಗೆ ಕಾಣುತ್ತದೆ. ಬೀಳಿಸದೆ ಒಂದು ಬಿಟ್ ತಿರುಗಿಸಿ, ರೈತರ ಅಡಿಕೆ ತೂಕವನ್ನು ಹಾಗೇ ಡಿಸ್ಕಿಗೆ ಇಳಿಸಿದ್ದರೆ? ಜೂನ್‌ನಲ್ಲಿ ಎಲ್ಲ ಫೈಲುಗಳನ್ನೂ ಇದೇ ಯಂತ್ರದಲ್ಲಿ ಹೊಸ ಡಿಸ್ಕಿಗೆ ನಕಲು ಮಾಡಿದ್ದೆ. ಮೇ ತಿಂಗಳ ಬ್ಯಾಕಪ್ ತೆಗೆದು, ಎರಡೂ ಕಡೆ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಚೆಕ್‌ಸಮ್ ಹಾಕಿ ಹೋಲಿಸಿದೆ. ಯಾರೂ ಮುಟ್ಟದ ಎರಡು ಹಳೆಯ ಫೈಲುಗಳು ಬೇರೆಯಾಗಿದ್ದವು. ಎರಡೂ ಸ್ಕ್ಯಾನ್ ಮಾಡಿದ ರಸೀದಿ, ಬ್ಯಾಕಪ್‌ನಿಂದ ವಾಪಸ್ ಹಾಕಿದೆ.

ಬ್ಯಾಕಪ್ ಆದಮೇಲಿನ ನಮೂದುಗಳಿಗೆ ಹೋಲಿಸಲು ಕಾಗದದ ಚೀಟಿಗಳಷ್ಟೇ ಇದ್ದವು. ಅಕ್ಕ ಒಂದೊಂದೇ ಚೀಟಿ ಓದಿದರು, ನಾನು ಪರದೆಯಲ್ಲಿ ತಾಳೆ ನೋಡಿದೆ. ಎರಡು ಸಂಜೆ ಹಿಡಿಯಿತು. ತೂಕ ಒಂದೂ ತಪ್ಪಿರಲಿಲ್ಲ.